ನಮ್ಮವರು ತಡೆದು ಹೇಳಿದ ಪಾಸ್

ಎದುರುಮನೆಯ ಬಾಣಂತಿ ಕೂಸಿಗೆ ಎರೆದು, ಎಳೆಬಿಸಿಲಿಗೆ ಹಿಡಿದು, ಪೌಡರ್ ಹಚ್ಚುವ ಹೊತ್ತಿಗೆ ಸರಿಯಾಗಿ ನಾನು ನಮ್ಮ ಬಾಗಿಲ ಮುಂದೆ ಕಸ ಹೊಡೆಯುತ್ತಿರುತ್ತೇನೆ. ಆ ವಾಸನೆ ಬಂದರೆ ಯಾರಿಗಾದರೂ ಕೂಸು ನೆನಪಾಗಬೇಕು. ನನಗೆ ಇಸ್ಪೀಟ್ ಎಲೆ ನೆನಪಾಗುತ್ತದೆ. ಶಹಾಪುರದ ಬೇಸಿಗೆಯಲ್ಲಿ ಕೈ ಬೆವರಿ ಎಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಮ್ಮವರು ಹಳೆಯ ಪೇಪರ್ ಹಾಸಿ, ಚಿಟಿಕೆ ಪೌಡರ್ ಉದುರಿಸಿ, ಐವತ್ತೆರಡು ಎಲೆಗಳನ್ನೂ ಒಂದೊಂದಾಗಿ ತಿಕ್ಕಿ ಇಡುತ್ತಿದ್ದರು. ಅವರ ಗೆಳೆಯ ಹಮೀದ್ ಸಾಹೇಬರು ಬಾಗಿಲಲ್ಲಿ ನಿಂತು, "ಭಾಬಿ, ಐವತ್ತೆರಡು ಕೂಸಿನ ಬಾಣಂತನ ನಡದದ ನೋಡ್ರಿ ಇಲ್ಲಿ" ಎಂದು ನಗುತ್ತಿದ್ದರು.

ನಮ್ಮವರು ಹೋಗಿ ಎಂಟು ತಿಂಗಳಾಯಿತು. ಅಂದಿನಿಂದ ಎಲೆ ಮುಟ್ಟಿಲ್ಲ. ನಿನ್ನೆ ಸಂಜೆ ಅದೇ ಹಮೀದ್ ಸಾಹೇಬರು ಬಂದರು. ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿದ್ದಾರೆ. ಚಹಾ ಕುಡಿದು, ಕಪ್ ಕೆಳಗಿಟ್ಟು, ಎದ್ದು ನಿಂತ ಮೇಲೆ ಬಂದ ವಿಷಯ ಹೇಳಿದರು.

"ಐತವಾರ ಯಾದಗಿರ್ಯಾಗ ಬ್ರಿಜ್ ಪಂದ್ಯ ಅದ ಭಾಬಿ. ನನ್ನ ಜೋಡಿ ಮಾಸ್ತರಿಗಿ ಮಂಡಿ ನೋವು, ಕೂಡಾಕ ಆಗಂಗಿಲ್ಲ ಅಂದಾರ. ನೀವು ಬರ್ರಿ."

"ನಾ ಹ್ಯಾಂಗ ಬರ್ಲಿ ಭಾಯಿ? ನನಗ ಅವರ ಜೋಡಿ ಬಿಟ್ರ ಆಡಾಕ ಬರಂಗಿಲ್ಲ."

"ಮೂವತ್ತ ವರ್ಷ ಆಡೀರಿ, ಬರಂಗಿಲ್ಲ ಅಂತೀರಲ್ಲ. ನಾಳೆ ಸಂಜಿ ತನಕ ಹೇಳ್ರಿ" ಎಂದು ಹೋದರು.

ಅವರು ಅದನ್ನು ನಾಚಿಕೆ ಎಂದುಕೊಂಡಿರಬೇಕು. ನಾನು ಹೇಳಿದ್ದು ನಿಜವಾದ ಹೆದರಿಕೆ. ಅದೇನೆಂದು ತಿಳಿಯಬೇಕಾದರೆ ನೀವು ಸ್ವಲ್ಪ ಹೊತ್ತು ನನ್ನ ಜೊತೆ ಕೂರಬೇಕು.

ಬ್ರಿಜ್ ಆಟಕ್ಕೆ ನಾಲ್ವರು ಬೇಕು. ಎದುರು ಬದುರು ಕೂತವರು ಜೋಡಿ. ಆಡುವ ಮುಂಚೆ ಒಂದು ಹರಾಜು ನಡೆಯುತ್ತದೆ, ಅದಕ್ಕೆ ಬಿಡ್ ಎನ್ನುತ್ತಾರೆ. ಯಾವ ಬಣ್ಣವನ್ನು, ಅಂದರೆ ಆಟೀನೋ ಇಸ್ಪೀಟೋ ಡೈಮನ್ನೋ ಕಳಾವರೋ, ತುರುಫಾಗಿ ಹಿಡಿದು ಎಷ್ಟು ಕೈ ಗೆಲ್ಲುತ್ತೇವೆ ಎಂದು ಒಬ್ಬೊಬ್ಬರೇ ಕೂಗುವುದು, ಇಲ್ಲವೇ ಪಾಸ್ ಎನ್ನುವುದು. ಅಷ್ಟು ಬಿಟ್ಟು ಬೇರೆ ಮಾತಿಲ್ಲ. ಜೋಡಿಯವರು ಒಬ್ಬರ ಎಲೆ ಒಬ್ಬರು ನೋಡದೆ, ಆ ನಾಲ್ಕು ಮಾತಿನಲ್ಲೇ ನನ್ನ ಹತ್ತಿರ ಇಷ್ಟಿದೆ ಎಂದು ತಿಳಿಸಬೇಕು. ಮೊದಲ ಆರು ಕೈ ಲೆಕ್ಕಕ್ಕಿಲ್ಲ, ನಾಲ್ಕು ಎಂದು ಕೂಗಿದರೆ ಹತ್ತು ಕೈ ಗೆಲ್ಲಬೇಕು. ಹೆಚ್ಚು ಕೂಗಿ ಕಡಿಮೆ ಗೆದ್ದರೆ ಸೋಲು.

ನಾನು ಸುರಪುರದಲ್ಲಿ ಹತ್ತನೇ ಇಯತ್ತೆ ಓದಿದವಳು. ನಮ್ಮವರು ಕಾಲುವೆ ಇಲಾಖೆಯಲ್ಲಿ ಗುಮಾಸ್ತರು. ನಾವಿದ್ದ ಇಲಾಖೆಯ ಕ್ಯಾಂಪಿನಲ್ಲಿ ಒಂದು ಕ್ಲಬ್ಬಿತ್ತು, ಅಂದರೆ ಒಂದು ತಗಡಿನ ಖೋಲಿ ಮತ್ತು ಒಂದು ಫ್ಯಾನು. ಅಲ್ಲಿ ನಾಲ್ಕನೆಯವರಾಗಿದ್ದ ಎಂಜಿನಿಯರಿಗೆ ವರ್ಗವಾಯಿತು. ಎರಡು ವಾರ ನಮ್ಮವರು, ಹಮೀದ್ ಸಾಹೇಬರು, ಮಾಸ್ತರರು ಮೂವರೂ ಮುಖ ಮುಖ ನೋಡಿಕೊಂಡು ಕೂತರು. ಮೂರನೇ ವಾರ ನಮ್ಮವರು ಅಡಿಗೆಮನೆಗೆ ಬಂದು, ನಾನು ರೊಟ್ಟಿ ಬಡಿಯುವ ಪಕ್ಕದಲ್ಲೇ ಎಲೆ ಹರಡಿ ಕೂತರು. "ಎಕ್ಕಾಕ್ಕ ನಾಕು, ರಾಜಾಗ ಮೂರು, ರಾಣಿಗಿ ಎರಡು, ಗುಲಾಮಗ ಒಂದು. ಹೇಳ ನೋಡಮ್ಮಿ, ಇದ್ರಾಗ ಎಷ್ಟ ಪಾಯಿಂಟ್ ಆತು?" ನಾನು ಹಿಟ್ಟಿನ ಕೈಯಲ್ಲೇ ಎಣಿಸಿ ಹೇಳಿದೆ. ಸರಿಯಾಗಿತ್ತು. ಆ ರೊಟ್ಟಿ ಮಾತ್ರ ಹೊತ್ತಿತು.

ಕೆಂಭಾವಿಯಲ್ಲಿದ್ದ ನಮ್ಮ ಅತ್ತೆಗೆ ಈ ಸುದ್ದಿ ಸಂತೆಯ ದಿನ ಮುಟ್ಟಿತು. ಹಬ್ಬಕ್ಕೆ ಹೋದಾಗ ಎಲ್ಲರ ಮುಂದೆ ಕೇಳಿದರು: "ಏನವಾ, ಎಲಿ ಆಡ್ತಿಯಂತ. ಪೊಲೀಸರು ಬಂದ್ರ ಸೀರಿ ಎತ್ತಿಕೊಂಡು ಯಾವ ಬಾಗಿಲದಿಂದ ಓಡ್ತಿ?" ನಮ್ಮವರು, "ಅಲ್ಲಿ ಇರೋದ ಒಂದ ಬಾಗಿಲಾ ಯವ್ವಾ" ಎಂದರು. ಅದರಿಂದ ನನಗೇನೂ ಉಪಕಾರವಾಗಲಿಲ್ಲ.

ಗಂಡ ಹೆಂಡತಿ ಜೋಡಿಯಾಗಿ ಕೂತರೆ ಒಂದು ತೊಂದರೆ ಇದೆ. ಉಳಿದವರಿಗೆ ಅನುಮಾನ. ಹಮೀದ್ ಸಾಹೇಬರು ಮೊದಲ ದಿನವೇ ಹೇಳಿದರು: "ಮಿಯಾ ಬೀಬಿ ಎದುರಾ ಬದುರಾ ಕೂತ್ರ ನಾವು ಎಲಿ ನೋಡೋದೋ, ನಿಮ್ಮ ಕಣ್ಣ ನೋಡೋದೋ?" ಚೇಷ್ಟೆಗೆ ಅಂದದ್ದು. ನಮ್ಮವರು ಅದನ್ನು ಚೇಷ್ಟೆಯಾಗಿ ತೆಗೆದುಕೊಳ್ಳಲಿಲ್ಲ. ಮರುದಿನವೇ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ನಮ್ಮಿಬ್ಬರ ಒಪ್ಪಂದ ಬರೆಯತೊಡಗಿದರು. ಯಾವ ಬಿಡ್ಡಿಗೆ ಏನರ್ಥ, ಎಷ್ಟು ಪಾಯಿಂಟಿಗೆ ಎಲ್ಲಿಯ ತನಕ ಹೋಗಬೇಕು, ಎಲ್ಲಿ ನಿಲ್ಲಬೇಕು. ಎದುರಾಳಿ ಜೋಡಿ ಕೇಳಿದರೆ ಅದನ್ನೆಲ್ಲ ಮುಚ್ಚದೆ ಹೇಳಬೇಕು. ಅದು ಆಟದ ನಿಯಮವೇ, ಗುಟ್ಟಿನ ಒಪ್ಪಂದಕ್ಕೆ ಅಲ್ಲಿ ಜಾಗವಿಲ್ಲ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ, "ಮೇಜಿನ ಮುಂದೆ ಮುಖ ನೋಡಬಾರದು" ಎಂದು ಬರೆದರು.

"ಮುಖ ನೋಡದಂಗ ಮೂರು ತಾಸು ಕೂಡಾಕ ನಾವೇನ ಜಗಳಾಡೀವೇನ್ರಿ?" ಎಂದೆ.

"ಮನಿಯಾಗ ಎಷ್ಟರ ನೋಡ. ಅಲ್ಲಿ ಎಲಿ ನೋಡ" ಎಂದರು.

ಮುಖ ನೋಡುವುದನ್ನು ಬಿಟ್ಟೆ. ಆದರೆ ಕಿವಿಗೆ ಏನು ಮಾಡಬೇಕೆಂದು ಆ ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ. ಪಾಸ್ ಎನ್ನಲೋ ಇನ್ನೊಂದು ಕೂಗಲೋ ಎಂದು ನಮ್ಮವರ ಮನಸ್ಸು ತೂಗಾಡಿದಾಗ, ಮೇಜಿನ ಕೆಳಗೆ ಅವರ ಹೆಬ್ಬೆರಳು ಚಪ್ಪಲಿಯ ಪಟ್ಟಿಯನ್ನು ತಿಕ್ಕುತ್ತಿತ್ತು. ಸರ್ ಸರ್ ಎಂದು ಸಣ್ಣ ಸದ್ದು. ಅವರಿಗೇ ಅದು ಗೊತ್ತಿರಲಿಲ್ಲ. ಬೇರೆಯವರಿಗೂ ಕೇಳುತ್ತಿರಲಿಲ್ಲ. ನನಗೆ ಕೇಳುತ್ತಿತ್ತು. ನಾನು ಅದನ್ನು ಅವರಿಗೆ ಎಂದೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನೀವು ಕೇಳಿದರೆ, ಉತ್ತರ ನನಗೆ ಗೌರವ ತರುವಂಥದ್ದಲ್ಲ.

ಒಂದು ವರ್ಷ ಯಾದಗಿರಿಯಲ್ಲಿ ಪಂದ್ಯ. ಬೆಳಗಿನ ಬಸ್ಸಿಗೆ ಮೂವರೂ ಹೊರಟೆವು, ಮಾಸ್ತರರು ಅಲ್ಲಿಗೇ ಬರುವವರಿದ್ದರು. ಹಮೀದ್ ಸಾಹೇಬರ ಮನೆಯ ಖೀಮಾ, ನಮ್ಮ ಮನೆಯ ಶೇಂಗಾ ಹೋಳಿಗೆ, ಎರಡು ಡಬ್ಬಿಗಳಿಗೂ ಸೀಟು ಸಿಕ್ಕಿತು, ಸಾಹೇಬರು ಮಾತ್ರ ನಿಂತೇ ಬಂದರು. ಆ ದಿನ ನಮಗೆ ಎಲೆಗಳು ಚೆನ್ನಾಗಿ ಬಿದ್ದವು. ಕೊನೆಯ ಆಟದ ಹೊತ್ತಿಗೆ ಕಪ್ ನಮ್ಮದೇ ಎನ್ನುವಂತಾಗಿತ್ತು.

ಆ ಕೊನೆಯ ಆಟದಲ್ಲಿ ನಮ್ಮವರು ಆಟೀನ್ ಕೂಗಿದ್ದರು, ನಾನು ಅದಕ್ಕೆ ಹೂಂ ಎಂದು ಒಂದು ಮೆಟ್ಟಿಲು ಏರಿಸಿದ್ದೆ. ಎದುರಾಳಿಗಳು ಒಮ್ಮೆಲೇ ನಾಲ್ಕು ಇಸ್ಪೀಟಿಗೆ ಹಾರಿದರು. ಈಗ ನಮ್ಮವರ ಸರದಿ. ಹೇಳಲಿಲ್ಲ. ಫ್ಯಾನು ತಿರುಗುತ್ತಿತ್ತು. ಚಪ್ಪಲಿ ಸರ್ ಸರ್ ಎಂದಿತು. ಬಹಳ ಹೊತ್ತಾದ ಮೇಲೆ, "ಪಾಸ್" ಎಂದರು.

ನಿಯಮ ಹೀಗಿದೆ: ಜೋಡಿ ಹೇಳಿದ ಮಾತನ್ನು ಬಳಸಬಹುದು, ಹೇಳಲು ತೆಗೆದುಕೊಂಡ ಹೊತ್ತನ್ನು ಬಳಸಬಾರದು. ತಡೆದು ಹೇಳಿದ ಪಾಸ್ ಎಂದರೆ ಇನ್ನೂ ಕೂಗುವಷ್ಟು ಎಲೆ ಇದೆ ಎಂಬ ಸುಳಿವು. ನನ್ನ ಎಲೆ ನೋಡಿದರೆ ಪಾಸ್ ಎನ್ನಬಹುದಿತ್ತು, ಐದು ಆಟೀನೂ ಎನ್ನಬಹುದಿತ್ತು. ನಾನು ಐದು ಎಂದೆ. ಹನ್ನೊಂದು ಕೈ ಗೆಲ್ಲಬೇಕು, ಹನ್ನೊಂದೇ ಗೆದ್ದೆವು. ಎದುರಾಳಿಗಳು ಎಲೆ ಮಡಚಿ ನಕ್ಕು ಕೈ ಮುಗಿದರು. ಅಷ್ಟರಲ್ಲಿ ನಮ್ಮವರು ಕೈ ಎತ್ತಿ, ಪಂದ್ಯದಲ್ಲಿ ನ್ಯಾಯ ಹೇಳುವ ಡೈರೆಕ್ಟರನ್ನು ಕರೆದರು.

"ನಾ ಪಾಸ್ ಅನ್ನಾಕ ಬಾಳ ಹೊತ್ತ ತಗೊಂಡೆ ಸರ್. ನಮ್ಮ ಮನಿಯಾಕಿ ಆಮ್ಯಾಲ ಐದಕ್ಕ ಹೋಗ್ಯಾಳ. ನೀವು ನೋಡ್ರಿ."

ಡೈರೆಕ್ಟರು ನನ್ನ ಎಲೆ ನೋಡಿದರು, ಗಡ್ಡ ಕೆರೆದುಕೊಂಡರು. ನಮ್ಮ ಐದನ್ನು ತೆಗೆದು ಎದುರಾಳಿಗಳ ನಾಲ್ಕು ಇಸ್ಪೀಟನ್ನು ಬರೆದರು. ಕಪ್ ಬೇರೆಯವರಿಗೆ ಹೋಯಿತು.

ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಹಮೀದ್ ಸಾಹೇಬರು ಹಿಂದಿನ ಸೀಟಿನಿಂದ ಬಾಗಿ, "ಅರೆ ಮಿಯಾ, ಕೊಲಿ ಮಾಡಿದವ್ರೂ ತಮ್ಮ ವಿರುದ್ಧ ತಾವು ಸಾಕ್ಷಿ ಹೇಳಂಗಿಲ್ಲ" ಎಂದರು. ಆಗ ನನ್ನ ಸಿಟ್ಟು ಬಾಯಿಗೆ ಬಂದು ನಮ್ಮವರ ಕಡೆ ತಿರುಗಿದೆ.

"ಸೋತವರಿಗೇ ಇಲ್ಲದ ತಕರಾರು ನಿಮಗ್ಯಾಕ ಬೇಕಿತ್ರಿ? ಮಂದಿ ಮುಂದ ನನ್ನ ಕಳ್ಳಿ ಮಾಡಿದ್ರಿ."

"ನಿನ್ನ ಅಲ್ಲ. ಹೊತ್ತು ತಗೊಂಡಾಂವ ನಾನು. ತಪ್ಪ ನಂದು."

"ಹಂಗಾರ ನಾ ನನ್ನ ಬುದ್ಧಿಲೆ ಐದಕ್ಕ ಹೋಗಿದ್ರ?"

ಅವರು ಹೇಳಿದರು: "ಹೋಗಿರಬಹುದು. ಅದು ನಿನಗೊಬ್ಬಾಕಿಗೇ ಗೊತ್ತು."

ಅದೇ ಮಾತು ಇಷ್ಟು ವರ್ಷ ನನ್ನೊಳಗೆ ಕೂತಿದೆ. ಯಾಕೆಂದರೆ ನನಗೂ ಗೊತ್ತಿರಲಿಲ್ಲ. ಆ ದಿನ ನಾನು ಎಲೆ ನೋಡಿ ಹೋದೆನೋ, ಚಪ್ಪಲಿ ಕೇಳಿ ಹೋದೆನೋ? ಆ ದಿನ ಬಿಡಿ, ಉಳಿದ ದಿನಗಳಲ್ಲಿ? ಆಮೇಲೆ ನಾವು ಎಷ್ಟೋ ಆಟ ಗೆದ್ದೆವು, "ಭಾಬಿದು ಜಡ್ಜ್‌ಮೆಂಟ್ ಭಾರಿ ಅದ" ಎಂದು ಹೊಗಳಿಸಿಕೊಂಡೆ. ಒಳಗೊಳಗೆ ಹೆದರಿಕೆ ಇದ್ದೇ ಇತ್ತು. ನನಗೆ ಬ್ರಿಜ್ ಬರುತ್ತದೋ, ಬರೀ ನಮ್ಮವರನ್ನು ಓದಲು ಬರುತ್ತದೋ?

ಕಳೆದ ವರ್ಷ ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಮುಂಜಾನೆ ಬಂದು, "ನೋವು ಅದ ಏನ್ರಿ?" ಎಂದು ಕೇಳುತ್ತಿದ್ದರು. ನಮ್ಮವರು ತಡೆದು, "ಇಲ್ರಿ" ಎನ್ನುತ್ತಿದ್ದರು. ಹಾಸಿಗೆಯ ಮೇಲೆ ಹೆಬ್ಬೆರಳು ಚಾದರವನ್ನು ತಿಕ್ಕುತ್ತಿತ್ತು. ಎರಡು ದಿನ ನಾನು ಸುಮ್ಮನಿದ್ದೆ. ಮೂವತ್ತು ವರ್ಷ ಅವರೇ ಕಲಿಸಿದ ಪಾಠ, ಹೇಳಿದ್ದನ್ನಷ್ಟೇ ತೆಗೆದುಕೋ. ಮೂರನೇ ದಿನ ತಡೆಯಲಾಗಲಿಲ್ಲ. "ಸುಳ್ಳ ಹೇಳಾಕತ್ತಾರ್ರಿ ಡಾಕ್ಟರ್. ಇಲ್ಲ ಅನ್ನಾಕ ಇಷ್ಟೊತ್ತು ಯಾಕ ಬೇಕು? ಅವರ ಕಾಲ ನೋಡ್ರಿ" ಎಂದೆ. ಡಾಕ್ಟರು ಔಷಧ ಬದಲಿಸಿ ಬರೆದರು. ಅವರು ಹೋದ ಮೇಲೆ ನಮ್ಮವರು ನನ್ನನ್ನೇ ನೋಡಿದರು.

"ಕಾಲಿಂದು ಯಾವಾಗಿಂದ ಗೊತ್ತು?"

"ಕ್ಯಾಂಪಿನ ಕಾಲದಿಂದ."

"ಅಯ್ಯ ಕಳ್ಳಿ! ಡೈರೆಕ್ಟರನ್ನ ಕರೀಲೇನ?" ಎಂದು ನಗಹತ್ತಿದರು. ನಕ್ಕರೆ ನೋವಾಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಆ ಸಂಜೆ ನೋವು ಕಡಿಮೆಯಾಗಿ ಎರಡು ತುತ್ತು ಮೊಸರನ್ನ ಉಂಡರು. ಸುಮ್ಮನಿದ್ದ ಆ ಎರಡು ದಿನದ ಬಗ್ಗೆ ನನಗೆ ಈಗಲೂ ಸಂಕಟವಿದೆ. ಆದರೆ ನೆನೆಸಿಕೊಳ್ಳಲು ಕೂತರೆ ಮೊದಲು ಬರುವುದು ಆ ನಗೆಯೇ.

ಇಷ್ಟು ನಿಮಗೆ ಹೇಳುತ್ತಾ ಹೇಳುತ್ತಾ ಸಂಜೆಯಾಯಿತು. ಹಮೀದ್ ಸಾಹೇಬರಿಗೆ ಫೋನ್ ಮಾಡಿ ಬರುತ್ತೇನೆ ಎಂದೆ. ಧೈರ್ಯ ಬಂದು ಅಂದದ್ದಲ್ಲ, ಹೋಗದಿದ್ದರೆ ಆ ಪ್ರಶ್ನೆ ಹಾಗೇ ಉಳಿಯುತ್ತಿತ್ತು.

ಐತವಾರ ಕಳೆದ ಮೇಲೆ ಉಳಿದದ್ದನ್ನು ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ಸಾಹೇಬರು ಮತ್ತು ನಾನು ಹೊಸದಾಗಿ ಒಪ್ಪಂದ ಮಾಡಿಕೊಂಡೆವು. ಭೀಮಾ ಹೊಳೆ ದಾಟುವಷ್ಟರಲ್ಲಿ ಮುಗಿಯಿತು. "ಹೆಚ್ಚಿಂದು ನಕ್ಕೋ, ಬ್ಯಾಡ ಭಾಬಿ, ನನಗ ನೆನಪಿರಂಗಿಲ್ಲ. ನಾ ಆಟೀನ್ ಅಂದಾಗ ನಿಮ್ಮ ಕೈಯಾಗ ಹತ್ತ ಪಾಯಿಂಟ್ ಇದ್ರ ಮೂರು ಅನ್ರಿ, ಹದಿಮೂರಿದ್ರ ನಾಕು" ಎಂದರು.

ಎದುರಾಳಿಗಳು ಇಬ್ಬರು ವಕೀಲರು. ನನ್ನ ಜೋಡಿ ಕಪ್ಪು ಕನ್ನಡಕ ಹಾಕಿ, ಕಾಲಿಗೆ ಬೂಟು ಹಾಕಿ, ಗೋರಿಯಂತೆ ಅಲುಗದೆ ಕೂತಿದ್ದಾರೆ. ನೋಡಲು ಕಣ್ಣಿಲ್ಲ, ಕೇಳಲು ಕಾಲಿಲ್ಲ. ಮೊದಲ ಕೆಲವು ಆಟ ನನ್ನ ಕಿವಿ ತಾನಾಗಿಯೇ ಮೇಜಿನ ಕೆಳಗೆ ಹೋಗಿ, ಏನೂ ಸಿಗದೆ ವಾಪಸು ಬಂತು. ಹೆದರಿ ಹೆದರಿ ಪಾಸ್ ಎಂದೆ.

ಆಮೇಲೆ ಸಾಹೇಬರು ಒಂದು ಆಟೀನ್ ಎಂದರು. ನನ್ನ ಕೈಯಲ್ಲಿ ಹತ್ತೇ ಪಾಯಿಂಟು. ಒಪ್ಪಂದದ ಪ್ರಕಾರ ಮೂರು. ಆದರೆ ಆಟೀನ್ ನಾಲ್ಕಿವೆ, ಡೈಮನ್ ಒಂದೇ ಒಂದು. ಮೊದಲ ಡೈಮನ್ ಹೋದ ಮೇಲೆ ಉಳಿದವನ್ನೆಲ್ಲ ಆಟೀನಿನಿಂದ ಕತ್ತರಿಸಬಹುದು. ಎಲೆಯನ್ನು ಎರಡು ಸಲ ನೋಡಿದೆ. ಇದು ಹತ್ತಲ್ಲ, ಹದಿಮೂರಕ್ಕೆ ಸಮ ಎಂದು ಎನಿಸಿತು. ಯಾರೂ ಹೇಳಲಿಲ್ಲ, ಯಾವ ಕಡೆಯಿಂದಲೂ ಏನೂ ಕೇಳಲಿಲ್ಲ.

"ನಾಕು" ಎಂದೆ.

ಆಡುವವರು ಸಾಹೇಬರಾದ್ದರಿಂದ ನನ್ನ ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಹರಡಬೇಕು. ಹರಡಿದೆ. ಹಿರಿಯ ವಕೀಲರು ಕನ್ನಡಕ ಏರಿಸಿ, "ಏನ್ರಿ ಅಮ್ಮಾರ, ಇಷ್ಟರ ಮ್ಯಾಲ ನಾಕು ಅಂದ್ರೇನು?" ಎಂದರು. "ಹೌದ್ರಿ, ಇಷ್ಟರ ಮ್ಯಾಲೇ" ಎಂದೆ. ಉಳಿದ ಆಟೀನೆಲ್ಲ ಒಬ್ಬ ವಕೀಲರ ಹತ್ತಿರವೇ ಕೂಡಿಬಿದ್ದಿದ್ದವು. ಸಾಹೇಬರು ಎಷ್ಟು ತಿಣುಕಿದರೂ ಒಂಬತ್ತೇ ಕೈ. ಒಂದು ಕಡಿಮೆ.

"ಮೂರಕ್ಕ ನಿಂತಿದ್ರ ಉಳೀತಿದ್ವಿ ಭಾಬಿ" ಎಂದರು ಸಾಹೇಬರು. "ಯಾರ್ ಹೇಳಿದ್ರು ನಿಮಗ ನಾಕಕ್ಕ ಹೋಗು ಅಂತ?"

"ಯಾರೂ ಹೇಳಿಲ್ಲ ಭಾಯಿ" ಎಂದೆ. ಹೇಳುವಾಗ ನಗು ತಡೆಯಲಾಗಲಿಲ್ಲ. ವಕೀಲರು, ಸೋತವಳು ಯಾಕೆ ನಗುತ್ತಾಳೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಂದಿನ ಆಟಕ್ಕೆ ಹಂಚುವ ಸರದಿ ನನ್ನದಿತ್ತು. ಎಲೆ ಕೂಡಿಸಿ ಕಲಸತೊಡಗಿದೆ.