ಗೋಡೆಯ ಒಳಬದಿ

ಆ ದಿನ ನಾವು ಒಂದೇ ಒಂದು ಮಾರು ಗೋಡೆ ಕಟ್ಟಿದೆವು. ಅಷ್ಟೇ ಆಯಿತಲ್ಲ ಎಂದು ನಾನು ಹೆಂಡತಿಯ ಮೇಲೆ ರೇಗಿದ್ದೆ.

ಎಕ್ಕಂಬಿಯ ನಮ್ಮ ಮನೆಯ ಹಿಂದೆ ತರಕಾರಿ ಮಡಿಗಳಿವೆ. ಮುಳ್ಳಿನ ಬೇಲಿಯನ್ನು ಎಷ್ಟು ಸಲ ಹಾಕಿದರೂ ಕಾಡುಹಂದಿ ನುಗ್ಗಿ ಗೆಣಸನ್ನು ಕೆದರಿ ಹೋಗುತ್ತಿತ್ತು. ಮಳೆಗಾಲದೊಳಗೆ ಮೂರೂ ಬದಿಗೆ ಕಲ್ಲಿನ ಗೋಡೆ ಆಗಲೇಬೇಕೆಂದು ಪಟ್ಟು ಹಿಡಿದವಳು ಅವಳು. ಕಲ್ಲನ್ನು ಎಲ್ಲಿಂದಲೂ ತರಬೇಕಿರಲಿಲ್ಲ. ವರ್ಷವೂ ಉಳುವಾಗ ಹೊಲದಿಂದ ಹೆಕ್ಕಿ ಹಾಕಿದ್ದೇ ಬದುವಿನ ಮೇಲೆ ರಾಶಿ ಬಿದ್ದಿತ್ತು. ಸಿಮೆಂಟಿಲ್ಲ, ಗಾರೆಯಿಲ್ಲ. ಹೊರಬದಿಯ ಸಾಲನ್ನು ನಾನು ಇಡುತ್ತಿದ್ದೆ, ಒಳಬದಿಯದನ್ನು ಅವಳು. ಎರಡು ಸಾಲುಗಳ ನಡುವಿನ ಹೊಟ್ಟೆಯನ್ನು ಸಣ್ಣ ಕಲ್ಲುಗಳಿಂದ ತುಂಬುವುದೂ ಅವಳ ಕೆಲಸವೇ. ಹುಲಗೋಳದ ತವರಿನಲ್ಲಿ ಅಪ್ಪನ ಜೊತೆ ಗೋಡೆ ಕಟ್ಟುತ್ತಲೇ ಬೆಳೆದವಳು. ನಾನು ಕಲಿತದ್ದು ಅವಳಿಂದ. ಊರವರೆದುರು ಹಾಗೆಂದು ಹೇಳಿರಲಿಲ್ಲ.

ಅವಳು ಹೊಟ್ಟೆಗೆ ಬುಟ್ಟಿಯಿಂದ ಸುರಿಯುತ್ತಿರಲಿಲ್ಲ. ಒಂದೊಂದೇ ಚೂರನ್ನು ಕೈಯಲ್ಲಿ ತಿರುಗಿಸಿ ನೋಡಿ ಕೂರಿಸುತ್ತಿದ್ದಳು.

"ಅಕ್ಕಿ ಆರಿಸ್ತಾ ಕೂತೀಯೇನು?" ಎಂದೆ.

"ಹೂಂ. ನಿಮ್ಮ ಬದಿ ನೀವು ನೋಡ್ಕಳ್ರಿ. ಹಾದಿ ಮೇಲೆ ಹೋಗೋರಿಗೆ ಚಂದ ಕಂಡ್ರೆ ಸಾಕಲ್ಲ ನಿಮಗೆ."

ಸಂಜೆ ಕೈ ತೊಳೆಯುವಾಗ ಅವಳು ಮೆಟ್ಟಿಲಿನ ಮಾತು ತೆಗೆದಳು. ಬಾವಿ ಗೋಡೆಯ ಆಚೆಗೆ ಉಳಿಯುತ್ತಿತ್ತು. ನೀರು ತರಲು ಮನೆ ಸುತ್ತಿ ಬರುವ ಬದಲು ಗೋಡೆಯನ್ನೇ ಹತ್ತಿ ಇಳಿಯುವಂತಿರಬೇಕು. ಎರಡೂ ಬದಿಗೆ ಚಾಚಿಕೊಳ್ಳುವಂಥ ಉದ್ದನೆಯ ಕಲ್ಲೊಂದನ್ನು ಅದಕ್ಕೆಂದೇ ಆರಿಸಿಟ್ಟಿದ್ದೆವು. ಗೋಡೆ ಮೊಣಕಾಲೆತ್ತರಕ್ಕೆ ಬಂದಾಗಲೇ ಅದನ್ನು ಇಡಬೇಕು, ಆಮೇಲೆ ತೂರಿಸಲು ಬರುವುದಿಲ್ಲ.

"ಎಲ್ಲಿಗೆ ಬೇಕು?" ಎಂದು ಕೇಳಿದೆ.

"ನಾಳೆ ತುಂಬಿದ ಕೊಡ ಹೊತ್ಕಂಡು ನಡೆದು ನೋಡ್ತೀನಿ. ಕಾಲು ಎಲ್ಲಿ ತಾನಾಗೇ ಎತ್ತತದೋ ಅಲ್ಲಿ."

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕುಸಿದಳು. ಶಿರಸಿಯ ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಸೂತಕದ ದಿನಗಳೆಲ್ಲ ಕಳೆದ ಮೇಲೂ ಅವಳ ತಮ್ಮ ನಾಲ್ಕು ದಿನ ನಮ್ಮಲ್ಲೇ ಉಳಿದ. ಒಂದು ಮಧ್ಯಾಹ್ನ ಅರ್ಧ ಗೋಡೆಯ ಮೇಲೆ ಕೂತು ಹೇಳಿದ, "ಭಾವ, ಸಿಮೆಂಟ್ ಬ್ಲಾಕ್ ತರಿಸ್ತೀನಿ. ವಾರದಾಗೆ ಮುಗೀತದೆ."

"ಬೇಡ."

"ಹಂಗಾರೆ ತಂತಿ?"

"ಬೇಡ ಅಂದ್ನಲ್ಲ. ನಿನಗೆ ಕಲ್ಲು ಕಟ್ಟಾಕೆ ಬರ್ತದಾ, ಅದನ್ನ ಹೇಳು."

"ಅಪ್ಪನ ಕೆಲಸ ಅಕ್ಕಂಗೆ ಹೋತು. ನನ್ನ ಪಾಲಿಗೆ ಬಂದದ್ದು ಅಪ್ಪನ ಸೊಂಟನೋವು."

ಅವಳು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಅವನು ಊರಿಗೆ ಹೋದ ಮರುದಿನ ನಾನೊಬ್ಬನೇ ಕೆಲಸಕ್ಕೆ ಇಳಿದೆ. ಹೊರಗೆ ನಾಲ್ಕು ಕಲ್ಲು ಇಟ್ಟು, ಗೋಡೆಯ ತುದಿ ಬಳಸಿ ಒಳಗೆ ಬಂದು ಅಲ್ಲಿ ನಾಲ್ಕು ಇಡುವುದು. ಹೊಟ್ಟೆಗೆ ಮಣ್ಣು, ಜಲ್ಲಿ, ಏನು ಸಿಕ್ಕಿತೋ ಅದನ್ನು ಬುಟ್ಟಿ ಬುಟ್ಟಿ ಸುರಿದೆ. ಐದು ದಿನಕ್ಕೆ ಆರು ಮಾರು ಆಯಿತು. ಅವಳಿಗಿಂತ ಬೇಗ ಕಟ್ಟಿದೆ ಎಂಬ ಯೋಚನೆಯೂ ಬಂತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಭರಣಿಯ ಮಳೆ ಒಂದು ಸಂಜೆ ಜೋರಾಗಿ ಹೊಡೆಯಿತು. ಬೆಳಿಗ್ಗೆ ಹೋಗಿ ನೋಡಿದರೆ ನಾನು ಕಟ್ಟಿದ್ದು ಹೊಟ್ಟೆ ಬಿಟ್ಟು ಹೊರಕ್ಕೆ ಮಗುಚಿತ್ತು. ತುಂಬಿದ ಮಣ್ಣು ನೀರು ಕುಡಿದು ಎರಡೂ ಸಾಲುಗಳನ್ನು ತಳ್ಳಿತ್ತು. ಕುಸಿತ ಸರಿಯಾಗಿ ಅವಳು ನಿಲ್ಲಿಸಿದ್ದ ಜಾಗದವರೆಗೆ ಬಂದು ನಿಂತಿತ್ತು.

ಅವಳ ಗೋಡೆಯ ತುದಿ ಈಗ ತೆರೆದುಕೊಂಡಿತ್ತು. ಅವಳಿದ್ದಷ್ಟು ದಿನ ಹೊರಬದಿಯಲ್ಲೇ ನಿಂತವನು ನಾನು, ಅದರ ಹೊಟ್ಟೆಯನ್ನು ಗಮನವಿಟ್ಟು ನೋಡಿದ್ದು ಆವತ್ತೇ. ಒಂದು ಚಿಟಿಕೆ ಮಣ್ಣಿರಲಿಲ್ಲ. ದೊಡ್ಡ ಕಲ್ಲಿನ ಒಳಚಾಚಿದ ಬಾಲಕ್ಕೆ ಮಧ್ಯಮ ಕಲ್ಲು ಒತ್ತಿತ್ತು, ಅದರ ಸಂದಿಗೆ ಚಕ್ಕೆ. ಸುರಿದ ಮಳೆ ಅದರೊಳಗಿಂದ ಇಳಿದು ಹೋಗಿತ್ತು. ಬೆರಳಿನಷ್ಟೇ ದಪ್ಪದ ಒಂದು ಚಕ್ಕೆಯನ್ನು ಎಳೆದು ನೋಡಿದೆ. ಬರಲಿಲ್ಲ.

ವಿಷಯ ಕೇಳಿ ಅವಳ ತಮ್ಮ ಫೋನ್ ಮಾಡಿದ. "ಬ್ಲಾಕಿಗೆ ಹೇಳ್ಲೇನು ಭಾವ?"

"ಬಿದ್ದದ್ದು ನಂದು. ನಿಮ್ಮಕ್ಕಂದು ನಿಂತದೆ," ಎಂದೆ.

ಅವನು ಮತ್ತೆ ಆ ಮಾತು ಎತ್ತಲಿಲ್ಲ.

ನನ್ನದರಲ್ಲಿ ಅಳಿದುಳಿದದ್ದನ್ನು ಬುಡದವರೆಗೆ ಬಿಚ್ಚಿದೆ. ಮಣ್ಣನ್ನು ಮಡಿಗೆ ಹಾಕಿ, ಕಲ್ಲುಗಳನ್ನು ಗಾತ್ರ ನೋಡಿ ಮೂರು ಗುಡ್ಡೆ ಮಾಡಿದೆ. ದಿನವೂ ಮೊದಲು ಒಳಬದಿಯಲ್ಲಿ ಕೂರುತ್ತಿದ್ದೆ. ಗೊತ್ತಾಗದಾಗ ಅವಳ ತುದಿಯ ಹತ್ತಿರ ಹೋಗಿ ನೋಡಿಕೊಂಡು ಬರುತ್ತಿದ್ದೆ. ಕೊನೆಗೆ ಆ ತುದಿಯೂ ನನ್ನ ಕಲ್ಲುಗಳ ಹಿಂದೆ ಮುಚ್ಚಿಹೋಯಿತು. ಮಾರು ಗೋಡೆಗೆ ಮೂರು ದಿನ ಹಿಡಿಯಿತು. ಹಾದಿಯಲ್ಲಿ ಹೋಗುವವರು "ಇನ್ನೂ ಇಲ್ಲೇ ಇದೀರಿ?" ಎನ್ನುತ್ತಿದ್ದರು. ಇಲ್ಲೇ ಇದ್ದೆ. ರೋಹಿಣಿಯಲ್ಲಿ ಎರಡು ದೊಡ್ಡ ಮಳೆ ಬಂದವು. ಒಂದು ಕಲ್ಲೂ ಜಾರಲಿಲ್ಲ.

ಬಾವಿಯ ನೇರಕ್ಕೆ ಗೋಡೆ ಮೊಣಕಾಲೆತ್ತರವಾದ ದಿನ ಕೆಲಸ ನಿಲ್ಲಿಸಿದೆ. ಕೊಡ ತುಂಬಿ, ಅವಳಂತೆ ಸೊಂಟದ ಮೇಲಿಟ್ಟುಕೊಂಡು, ಬಾವಿಯಿಂದ ಗೋಡೆಯವರೆಗೆ ನಡೆದೆ. ಮತ್ತೆ ನಡೆದೆ. ನೀರು ತುಳುಕಿ ಪಂಚೆ ತೊಯ್ದಿತು. ನನ್ನ ಕಾಲು ಒಂದೊಂದು ಸಲ ಒಂದೊಂದು ಕಡೆ ಎತ್ತಿತು. ಅವಳು ನನಗಿಂತ ಗೇಣು ಗಿಡ್ಡ. ಅವಳ ಹೆಜ್ಜೆ ಎಷ್ಟು ಉದ್ದವಿತ್ತೆಂದು ನನಗೆ ಗೊತ್ತಿರಲಿಲ್ಲ. ಎರಡು ದಿನ ಕಾದು, ಆ ಕಲ್ಲನ್ನು ಇಡದೆಯೇ ಮೇಲಕ್ಕೆ ಕಟ್ಟುತ್ತಾ ಹೋದೆ.

ಮೃಗಶಿರ ಹಿಡಿಯುವ ಮೊದಲು ಮೂರೂ ಬದಿ ಮುಗಿಯಿತು. ಹಂದಿ ಈ ವರ್ಷ ಒಳಗೆ ಬಂದಿಲ್ಲ. ಉದ್ದನೆಯ ಕಲ್ಲು ಬಾವಿಯ ಹತ್ತಿರ ಇಟ್ಟಲ್ಲೇ ಇದೆ. ನೀರು ತರಲು ನಾನು ಮನೆ ಸುತ್ತಿಯೇ ಬರುತ್ತೇನೆ. ಗೋಡೆಗೆ ಮೆಟ್ಟಿಲಿಲ್ಲ.