ಸೋಮವಾರದ ಗೈರುಹಾಜರಿ

ನಿನ್ನೆ ಅಂಚೆಕಚೇರಿಯಲ್ಲಿ ಗುಮಾಸ್ತ ಮೊಹರು ಒತ್ತಿದಾಗ ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿದು ನನಗೆ ಸಿಟ್ಟು ಬಂತು. ಪಾಪ, ಅವನ ತಪ್ಪೇನೂ ಇರಲಿಲ್ಲ. ನೀವು ಅಲ್ಲಿದ್ದಿದ್ದರೆ, ಈ ಬೊಕ್ಕತಲೆಯವನಿಗೇನು ಬಡಿಯಿತು ಎಂದುಕೊಳ್ಳುತ್ತಿದ್ದಿರಿ.

ಮಕ್ಕಳನ್ನು ಶಾಲೆಗೆ ಕಳಿಸಲೇಬೇಕೆಂಬ ಕಾಯಿದೆ ನಾನು ಹುಡುಗನಾಗಿದ್ದಾಗ ಹೊಸಪೇಟೆಗೆ ಹೊಸದು. ಅಪ್ಪ ತೀರಿಕೊಂಡಿದ್ದ. ಅವ್ವ ಕಾಲುವೆ ಕೆಳಗಿನ ಗದ್ದೆಗಳಿಗೆ ನಾಟಿಗೆ ಹೋಗುತ್ತಿದ್ದಳು. ನಾನು ಶಾಲೆ ತಪ್ಪಿಸಿ ತಂಗಿಯ ತೊಟ್ಟಿಲು ತೂಗುತ್ತಿದ್ದೆ. ತೂಗುತ್ತಿದ್ದೆನೋ, ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ಗೋಲಿ ಆಡುತ್ತಿದ್ದೆನೋ, ಪ್ರಮಾಣ ಮಾಡಿ ಹೇಳಲಾರೆ. ಅಂತೂ ಊರ ದೊಡ್ಡವರೇ ನ್ಯಾಯಾಧೀಶರಾಗಿ ಕೂರುತ್ತಿದ್ದ ಬೆಂಚ್ ಕೋರ್ಟಿನಿಂದ ಅವ್ವನಿಗೆ ಕರೆ ಬಂತು.

ಬೆಂಚಿನ ಮೇಲಿದ್ದ ಸಾಹುಕಾರರು ದಯಾವಂತರು. ಈ ಮಾತನ್ನು ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ. "ದಂಡ ಬ್ಯಾಡ ಬಿಡವಾ," ಎಂದರು. "ಒಂದು ತಿಂಗಳು ಹುಡುಗನ್ನ ತಪ್ಪದ ಸಾಲಿಗೆ ಕಳಸು. ಸೋಮಾರಕ್ಕೊಮ್ಮೆ ಅವನ್ನ ಕರಕೊಂಡು ಬಂದು ಹೆಡ್‌ಮಾಸ್ತರ ಹಾಜರಿ ಚೀಟಿ ತೋರ್ಸು. ಕೇಸು ಅಲ್ಲಿಗೆ ಮುಗಿತೈತಿ." ಅವ್ವ ಸೆರಗೊಡ್ಡಿ ಕೈಮುಗಿದಳು. ತಂಗಿಯನ್ನು ಗದ್ದೆಯ ಬದುವಿಗೆ ಒಯ್ಯತೊಡಗಿದಳು.

ಸಾಹುಕಾರರಿಗೆ ನಾಟಿಯ ಪದ್ಧತಿ ಗೊತ್ತಿರಲಿಲ್ಲವೇ? ಗದ್ದೆ ಅವರದ್ದೂ ಇತ್ತಲ್ಲ! ಹೆಂಗಸರು ಸಾಲಾಗಿ ನಿಂತು ಹಿಂದೆ ಸರಿಯುತ್ತ ಸಸಿ ಊರುತ್ತಾರೆ. ಒಬ್ಬಳು ತಪ್ಪಿಸಿದರೆ ಅಲ್ಲಿ ಇನ್ನೊಬ್ಬಳು ನಿಲ್ಲುತ್ತಾಳೆ. ಹಂಗಾಮು ಮುಗಿಯುವವರೆಗೆ ಆ ಜಾಗ, ಆ ಕೂಲಿ ಹೊಸಬಳದೇ. ಗುಂಪಿನ ಯಜಮಾನಿ ಎರಡು ವಾರ ತಾಳಿಕೊಂಡಳು. "ಕೋರ್ಟಿನಾಕಿ ಬಂದ್ಳು, ದಾರಿ ಬಿಡ್ರೇ" ಎಂದು ಹಂಗಿಸಿದಳಂತೆ. ಮೂರನೆಯ ಸೋಮವಾರ ಅವ್ವನ ಜಾಗದಲ್ಲಿ ಕಮಲಾಪುರದವಳೊಬ್ಬಳು ನಿಂತಳು.

ನಾಲ್ಕನೆಯ ಸೋಮವಾರ ಸಾಹುಕಾರರು ಚೀಟಿಗಳನ್ನೆಲ್ಲ ಹರಡಿಕೊಂಡರು. "ವಾರಕ್ಕೊಂದು ದಿನ ಗೈರು ಐತಲ್ಲವಾ. ಭಾಳ ಕೆಟ್ಟ ಚಾಳಿ. ಇನ್ನೊಂದು ತಿಂಗಳು ಬಾ" ಎಂದು ನೇರಳೆ ಶಾಯಿಯ ಮೊಹರು ಒತ್ತಿದರು. ಗೈರಿದ್ದದ್ದು ಸೋಮವಾರ. ನಾವು ಅವರದೇ ಕೋರ್ಟಿನ ಜಗಲಿಯಲ್ಲಿ ಮಧ್ಯಾಹ್ನದವರೆಗೆ ಕಾದು ಕೂತ ಸೋಮವಾರ!

ಮುಂದಿನದನ್ನು ನಾನು ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ಅವ್ವ ತಲೆಯೆತ್ತಿ, "ಸೋಮಾರ ಕರದಾವ್ರು ನೀವ ಅಲ್ರೀ? ಗೈರು ನಿಮ್ಮ ಹೆಸರಿಗೇ ಬರ್ಕೊಳ್ರಿ" ಅಂದಳು, ಕೋರ್ಟಿಗೆ ಕೋರ್ಟೇ ನಕ್ಕಿತು. ನಿನ್ನೆ ಸಂಜೆಯೂ, ಸಿಟ್ಟು ಆರದೆ, ಮನೆಗೆ ಬಂದ ನೆಂಟರೊಬ್ಬರಿಗೆ ಹೇಳಿದೆ. ಅವರು ತೊಡೆ ತಟ್ಟಿ ನಕ್ಕರು. ಒಳಗೆ ಅಕ್ಕಿ ಆರಿಸುತ್ತಿದ್ದ ಅವ್ವ ಹೊಸ್ತಿಲಿಗೆ ಬಂದಳು.

"ನಾ ಯಾವಾಗ ಹಂಗ ಅಂದ್ನಪಾ? ತಪ್ಪಾತ್ರಿ ಧಣಿ ಅಂದೆ. ಕಾಲು ಹಿಡದೆ. ಚೀಟ್ಯಾಗ ಯಾವ ದಿನ ಗೈರು ಬರದಿತ್ತೋ ನನಗೇನ್ ಗೊತ್ತು? ಓದಾಕ ಬರ್ತಿದ್ದಾಂವ ನೀನು."

ನೆಂಟರು ನನ್ನತ್ತ ತಿರುಗಿದರು.

"ನನಗಾಗ ಒಂಬತ್ತು ವರ್ಷ, ಯವ್ವಾ."

"ಹೌದಪಾ. ಸಾಲಿಗೆ ಕಳಿಸಿದ್ದು ಮತ್ಯಾಕ?"

ಓದಿದ್ದೆ. ನಾಲ್ಕೂ ಚೀಟಿ ಓದಿದ್ದೆ. ಕೋರ್ಟಿನ ದಿನ ಮಾಸ್ತರಿಗೆ ಮಗ್ಗಿ ಒಪ್ಪಿಸುವುದು ತಪ್ಪುತ್ತದೆಂಬ ಖುಷಿಗೆ ಬಾಯಿ ಮುಚ್ಚಿಕೊಂಡಿದ್ದೆ.