ಸೋಮವಾರದ ಮೀನುಬುಟ್ಟಿ

ಕೋಟದ ಸರೋಜ ತಲೆಯ ಮೇಲೆ ಮೀನುಬುಟ್ಟಿ ಹೊತ್ತು ಹೆದ್ದಾರಿ ದಾಟಲು ಶುರು ಮಾಡಿದ ಕಾಲಕ್ಕೆ, ಎರಡು ಬಸ್ಸು ಎದುರಾದರೆ ಒಂದು ಮಣ್ಣಿಗಿಳಿಯಬೇಕಿತ್ತು. ಈಗ ಅದು ಚತುಷ್ಪಥ. ಅವರ ಮನೆಯೂ ಮೀನು ಬರುವ ಕಡಲೂ ಪಡುವಣಕ್ಕೆ. ವರ್ಷಗಳಿಂದ ಅವರ ಮೀನನ್ನೇ ಕಾಯುವ ಮನೆಗಳು ಮೂಡಣಕ್ಕೆ. ಬಸ್ ಸ್ಟಾಪಿನೆದುರು ಡಿವೈಡರಿನಲ್ಲಿ ಜನ ದಾಟಲೆಂದು ಒಂದು ಸಂದು ಇತ್ತು. ಈ ಸಲ ಮಳೆಗಾಲ ಮುಗಿದದ್ದೇ ಅಲ್ಲಿ ಸೊಂಟದೆತ್ತರದ ಕಬ್ಬಿಣದ ಬೇಲಿ ಎದ್ದಿತು. ವಾಹನಗಳ ವೇಗ ತಗ್ಗಬಾರದಂತೆ. ನಡೆಯುವವರು ದೂರದ ಅಂಡರ್‌ಪಾಸಿಗೆ ಸುತ್ತಿ ಬರಬೇಕಂತೆ. ಸರೋಜ ಹಾಗೆ ಸುತ್ತಿ ಮುಟ್ಟುವಷ್ಟರಲ್ಲಿ ಐಸು ಕರಗಿ ಕುತ್ತಿಗೆಗೆ ಇಳಿದಿರುತ್ತಿತ್ತು, ಮೀನು ಮಾರುವ ರಿಕ್ಷಾ ಆ ಮನೆಗಳಿಗೆ ಮೀನು ಕೊಟ್ಟು ಹೋಗಿರುತ್ತಿತ್ತು.

ಬೈಕಿನಲ್ಲಿ ಬಿಡುತ್ತೇನೆ ಎಂದ ಮಗ ಜಿತೇಂದ್ರ.

"ನಂಗೆ ನಿನ್ ಬೈಕ್ ಆಯ್ತ್. ಶಾಲಿ ಮಕ್ಕಳಿಗೆ?" ಎಂದು ಕೇಳಿದರು ಸರೋಜ.

ಊರವರು ಅರ್ಜಿ ಕೊಟ್ಟರು. ದಾಟುವವರನ್ನು ಕಣ್ಣಾರೆ ನೋಡಿದ ಮೇಲೆಯೇ ಸಂದು ಬಿಡಬೇಕೋ ಮುಚ್ಚಿಯೇ ಇಡಬೇಕೋ ಎಂದು ಹೇಳುತ್ತೇನೆ, ಸೋಮವಾರ ಬರುತ್ತೇನೆ ಎಂದು ಹೆದ್ದಾರಿಯ ಎಂಜಿನಿಯರ್ ತಿಳಿಸಿದರು. ಎಲ್ಲರೂ ಒಪ್ಪಿ ಬಂದರು. ಸೋಮವಾರ ಮೂಡಣದ ಮನೆಗಳಲ್ಲಿ ಮೀನು ಬೇಯುವುದಿಲ್ಲ, ಮೀನು ಮಾರುವ ಹೆಂಗಸರು ಬುಟ್ಟಿ ತೊಳೆದು ಬಿಸಿಲಿಗೆ ಕವುಚಿಡುತ್ತಾರೆ ಎಂಬುದು ನೆನಪಾದದ್ದು ಭಾನುವಾರ.

"ಸೋಮಾರ ಮೀನ್ ಯಾರ್ ತಕಂತ್ರ್ ಹೆಣೆ? ಖಾಲಿ ಬುಟ್ಟಿ ಹೊತ್ಕಂಡ್ ಹೋಪ," ಎಂದರು ಜೊತೆಗೆ ಮಾರುವ ಸರಸ.

"ನಾವೆಂತ ನಾಟಕದವ್ರಾ? ಮೀನೇ ಹೊರುದ್. ಹಾಳಾರೆ ಹಾಳಾಯ್ಲಿ," ಎಂದರು ಸರೋಜ.

ಸೋಮವಾರ ಎಂಜಿನಿಯರ್ ಬಸ್ ಸ್ಟಾಪಿನ ನೆರಳಿನಲ್ಲಿದ್ದರು. ಬುಟ್ಟಿ ತುಂಬ ಬಂಗುಡೆ ಹೊತ್ತ ಸರೋಜ ಕೈ ಎತ್ತಿ ರಸ್ತೆಗಿಳಿದರು. ಒಂದು ಟ್ಯಾಂಕರು ಕಿರುಗುಟ್ಟಿ ನಿಂತಿತು. ಹಿಂದೆ ಸರಸ ಮತ್ತು ಉಳಿದವರು. ತಲೆಹೊರೆ ಇಟ್ಟುಕೊಂಡು ಬೇಲಿ ಹತ್ತಲಾಗದು. ಇಳಿಸಲು ಬೇಲಿಯ ಆಚೆಯಿಂದ ಇನ್ನೊಬ್ಬರ ಕೈ ಬೇಕು. ಆಚೆ ಬದಿಯಲ್ಲಿ, ಮೀನು ಕೊಳ್ಳುವ ಮನೆಯೊಂದರ ಸೊಸೆ ಸೌಮ್ಯಶ್ರೀ, ತಲೆಸ್ನಾನ ಮಾಡಿ, ರೇಷ್ಮೆ ಉಟ್ಟು ದೇವಸ್ಥಾನದ ಬಸ್ಸಿಗೆ ನಿಂತಿದ್ದರು.

"ಹ್ವಾಯ್ ಅಮ್ಮ, ಒಂದ್ ಕೈ ಕೊಡಿ!"

"ಇವತ್ತ್ ಸೋಮಾರ ಅಲ್ದಾ ಸರೋಜಕ್ಕ!"

"ಸೋಮಾರ ನಿಮ್ಮ ಒಲಿಗೆ. ರಸ್ತಿಗಲ್ಲ. ಹಿಡ್ಕಣಿ!"

ಸೌಮ್ಯಶ್ರೀ ಒಮ್ಮೆ ಬಸ್ಸು ಬರುವ ದಿಕ್ಕಿಗೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಡಿವೈಡರಿಗೆ ನಡೆದು ಬಂದು ಬುಟ್ಟಿ ಹಿಡಿದರು. ಮೀನಿನ ನೀರು ರೇಷ್ಮೆಯ ಮೇಲೆ ಹರಿಯಿತು. ಒಂದರ ಹಿಂದೆ ಒಂದು ಬುಟ್ಟಿ ಬೇಲಿ ದಾಟಿತು. ಕೊನೆಗೆ ಸೀರೆ ಎತ್ತಿಕಟ್ಟಿ ಸರೋಜ. ಎರಡೂ ಕಡೆ ವಾಹನಗಳು ಹಾರ್ನು ಹೊಡೆಯುತ್ತಲೇ ಇದ್ದವು.

ಎಂಜಿನಿಯರ್ ಓಡಿ ಬಂದರು. "ಇದು ಅಪಾಯ. ನಿಮ್ಮ ಮೇಲೆ ಕೇಸಾಗುತ್ತದೆ."

"ಅಪಾಯ ಅಂದೇ ಅರ್ಜಿ ಕೊಟ್ಟದ್ ಸಾರ್. ಕೇಸ್ ಹಾಕಿ. ಎಲ್ಲಿ ದಾಟಿದ್ರ್ ಅಂದ್ ಮಾತ್ರ ಸಮಾ ಬರ್ಕಣಿ."

ಮೇಲಿನವರಿಗೆ ವರದಿ ಕೊಡುತ್ತೇನೆ ಎಂದು ಅವರು ಜೀಪು ಹತ್ತಿದರು. ಅಂದು ಮೀನು ಒಂದೂ ಖರ್ಚಾಗಲಿಲ್ಲ. ಸರೋಜ ಅದಕ್ಕೆ ಉಪ್ಪು ಹಾಕಿ ಒಣಗಲು ಹರವಿದರು.

ಮಂಗಳವಾರ ಬೇಲಿ ಅಲ್ಲೇ ಇತ್ತು. ಸರೋಜ ಬುಟ್ಟಿ ಹೊತ್ತು, ಕೈ ಎತ್ತಿ, ಅಲ್ಲೇ ರಸ್ತೆಗಿಳಿದರು. ಬೇಲಿಯ ಆಚೆ ಸೌಮ್ಯಶ್ರೀ ಅತ್ತೆಯನ್ನೂ ಕರೆದುಕೊಂಡು ಬಂದಿದ್ದರು, ಈ ಸಲ ಹಳೆಯ ಸೀರೆಯಲ್ಲಿ.